ಆನ್‌ಲೈನಲ್ಲಿ ಪಾರ್ಟಿ ಹುಡುಕುವ ಏಜೆಂಟರು ಯಾವುದಕ್ಕೆ ದುಡ್ಡು ಹಾಕಬೇಕು? ಬಳಸಿ ನೋಡಿದವನ ವಿಮರ್ಶೆ

ನಾನು ಮೈಸೂರಿನಲ್ಲಿ ಸೈಟು, ಮನೆ ಕೊಡಿಸುವ ಕೆಲಸ ಮಾಡುವವನು. ಹೆಚ್ಚಾಗಿ ರೀಸೇಲ್. ಬೋಗಾದಿ, ದಟ್ಟಗಳ್ಳಿ, ರಾಮಕೃಷ್ಣನಗರ, ವಿಜಯನಗರ ನಾಲ್ಕನೇ ಹಂತ, ಈ ಕಡೆಯೆಲ್ಲ ಓಡಾಟ. ಆನ್‌ಲೈನಲ್ಲಿ ಪಾರ್ಟಿ, ಅಂದರೆ ಕೊಳ್ಳುವವರನ್ನು, ಹುಡುಕಿಕೊಡುತ್ತೇವೆ ಅಂತ ಏಜೆಂಟರಿಗೆ ಮಾರುವ ಸೇವೆಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ನನ್ನ ದುಡ್ಡಿನಲ್ಲೇ ಬಳಸಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರು ಫೋನ್ ಮಾಡಿ "ಅಣ್ಣಾ, ಯಾವ ಪ್ಯಾಕೇಜ್ ತಗೊಳ್ಳಲಿ" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು. ದುಡ್ಡು ಕೊಟ್ಟರೆ ಫೋನ್ ನಂಬರ್ ಸಿಗುತ್ತದೆ. ಪಾರ್ಟಿ ಸಿಗುವುದು ನೀವು ಕಾಗದಪತ್ರ ತೋರಿಸಿ, ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟಾಗ ಮಾತ್ರ. ಆ ಕೆಲಸಕ್ಕೆ ಜಾಗ ಕೊಡುವ ಸೇವೆಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ, ಬರೀ ನಂಬರ್ ಕೊಟ್ಟು ಕೈತೊಳೆದುಕೊಳ್ಳುವ ಸೇವೆಗೆ ಕಡಿಮೆ. ಮುಂದೆ ಓದುವಾಗ ನನ್ನ ಅಳತೆ ಇದೇ ಅಂತ ತಿಳಿದುಕೊಳ್ಳಿ.

ಮೊದಲು ದೊಡ್ಡ ಪೋರ್ಟಲ್‌ಗಳು. 99 ಏಕರ್ಸ್ 2005ರಿಂದ ಇದೆ, ಮ್ಯಾಜಿಕ್‌ಬ್ರಿಕ್ಸ್ 2006ರಿಂದ, ಹೌಸಿಂಗ್ ಡಾಟ್ ಕಾಮ್ 2012ರಿಂದ. ಮನೆ ಹುಡುಕುವವರಿಗೆ ಈ ಹೆಸರುಗಳು ಬಾಯಿಪಾಠ ಆಗಿವೆ. ಬೆಂಗಳೂರಿನಲ್ಲಿ ಕೂತು ಮೈಸೂರಿನಲ್ಲಿ ಸೈಟು ಹುಡುಕುವವರು ಮೊದಲು ತೆರೆಯುವುದು ಇವನ್ನೇ, ಹಾಗಾಗಿ ಪೂರ್ತಿ ಬಿಟ್ಟುಬಿಡುವುದು ಜಾಣತನ ಅಲ್ಲ. ನೀವು ಲಿಸ್ಟಿಂಗ್, ಅಂದರೆ ಮಾರಾಟಕ್ಕಿರುವ ಸೈಟಿನ ವಿವರ, ಹಾಕುತ್ತೀರಿ, ನೋಡಿದವರು ನಂಬರ್ ಬೇಕು ಅಂತ ಒತ್ತುತ್ತಾರೆ, ಅವರ ಹೆಸರು ಮತ್ತು ಫೋನ್ ನಂಬರ್ ನಿಮಗೆ ಬರುತ್ತದೆ. ಜಾಸ್ತಿ ದುಡ್ಡು ಕೊಟ್ಟವರ ಲಿಸ್ಟಿಂಗ್ ಮೇಲೆ ಕಾಣುತ್ತದೆ. ವ್ಯವಹಾರ ಇಷ್ಟೇ.

ತೊಂದರೆ ಇರುವುದು ಮನೆ ಹುಡುಕುವವನು ಒಬ್ಬರ ಲಿಸ್ಟಿಂಗ್ ನೋಡಿ ನಿಲ್ಲುವುದಿಲ್ಲ ಅನ್ನುವುದರಲ್ಲಿ. ಅದೇ ಬಡಾವಣೆಯ ಹತ್ತು ಲಿಸ್ಟಿಂಗ್ ತೆರೆದಿರುತ್ತಾನೆ. ಅರ್ಧ ಗಂಟೆಯಲ್ಲಿ ಅವನಿಗೆ ಐದಾರು ಏಜೆಂಟರ ಕರೆ ಹೋಗುತ್ತದೆ. ನೀವು ಏಳನೆಯವರಾಗಿ ಫೋನ್ ಮಾಡಿದರೆ ಅವನ ದನಿಯಲ್ಲೇ ಗೊತ್ತಾಗುತ್ತದೆ, ಪಾಪ, ಬೇಸತ್ತು ಹೋಗಿರುತ್ತಾನೆ. ಅವನದೇನೂ ತಪ್ಪಿಲ್ಲ.

ಒಂದು ಪೋರ್ಟಲ್‌ನ ವಿಷಯ ಹೇಳಲೇಬೇಕು, ಹೆಸರು ಬೇಡ. ಅವರ ಸೇಲ್ಸ್ ಹುಡುಗ ಬಂದು ತಿಂಗಳಿಗೆ ಇಷ್ಟು ಲೀಡ್ (ಆಸಕ್ತಿ ಇದೆ ಅಂದವರ ಹೆಸರು, ನಂಬರ್) ಗ್ಯಾರಂಟಿ ಅಂತ ಬಾಯಲ್ಲಿ ಹೇಳಿದ. ಬಿಲ್ಲಿನಲ್ಲಿ ಆ ಮಾತು ಇರಲಿಲ್ಲ. ಬಂದ ನಂಬರುಗಳಲ್ಲಿ ಕೆಲವು ಸ್ವಿಚ್ ಆಫ್, ಕೆಲವರು ಬಾಡಿಗೆ ಮನೆ ಹುಡುಕುತ್ತಿದ್ದವರು, ಇನ್ನು ಕೆಲವರು ನನ್ನ ಹಾಗೇ ಏಜೆಂಟರು, ಬೇರೆಯವರ ರೇಟು ತಿಳಿಯೋಣ ಅಂತ ಒತ್ತಿದವರು. ದೂರು ಕೊಟ್ಟರೆ "ಲೀಡ್ ಡೆಲಿವರ್ ಆಗಿದೆ ಸರ್" ಅನ್ನುವ ಒಂದೇ ಉತ್ತರ. ಆದ್ದರಿಂದ ಯಾವ ಪೋರ್ಟಲ್‌ಗೆ ಸೇರಿದರೂ ಮೊದಲು ಮೂರು ಪ್ರಶ್ನೆ ಇಮೇಲ್‌ನಲ್ಲೇ ಕೇಳಿ, ಇಮೇಲ್‌ನಲ್ಲೇ ಉತ್ತರ ತಗೊಳ್ಳಿ. ಒಂದೇ ಲೀಡ್ ಎಷ್ಟು ಜನಕ್ಕೆ ಹೋಗುತ್ತದೆ? ನಂಬರ್ ಸುಳ್ಳಾದರೆ ಬದಲಿ ಕೊಡುತ್ತೀರಾ? ಅವಧಿ ಮುಗಿದಮೇಲೆ ತಾನಾಗಿ ದುಡ್ಡು ಕಡಿತ ಆಗುತ್ತದಾ? ವರ್ಷದ ಪ್ಯಾಕೇಜ್‌ಗೆ ರಿಯಾಯಿತಿ ಅಂತ ಒತ್ತಾಯ ಮಾಡುತ್ತಾರೆ, ಮೊದಲ ಸಲ ಅದು ಬೇಡವೇ ಬೇಡ.

ಪೋರ್ಟಲ್‌ನಲ್ಲಿ ಕೆಲಸಕ್ಕೆ ಬಂದದ್ದು ಏನು ಅಂದರೆ ನಿಜವಾದ ಫೋಟೋ ಮತ್ತು ಪೂರ್ತಿ ವಿವರ. ನಮ್ಮವರು ಲಿಸ್ಟಿಂಗ್ ಹಾಕುವುದು ನೋಡಿದ್ದೀರಲ್ಲ: "30-40 ಸೈಟ್, ಪ್ರೈಮ್ ಲೊಕೇಶನ್, ಕಾಲ್ ಫಾರ್ ಪ್ರೈಸ್". ಯಾಕೆ ಕಾಲ್ ಮಾಡಬೇಕು ಅವನು? ಪೂರ್ವ ದಿಕ್ಕೋ ಉತ್ತರವೋ, ಎದುರಿನ ರಸ್ತೆ 30 ಅಡಿಯೋ 40 ಅಡಿಯೋ, ಪ್ರಾಧಿಕಾರದ ಬಡಾವಣೆಯೋ ಖಾಸಗಿ ಬಡಾವಣೆಯೋ ಪಂಚಾಯ್ತಿ ಸೈಟೋ, ಇ-ಖಾತಾ (ಆಸ್ತಿ ಯಾರ ಹೆಸರಿನಲ್ಲಿದೆ ಅನ್ನುವ ಆನ್‌ಲೈನ್ ದಾಖಲೆ) ಆಗಿದೆಯೋ ಇಲ್ಲವೋ, ರೇಟು ಎಷ್ಟು, ಎಲ್ಲವನ್ನೂ ಬರೆದರೆ ಕರೆ ಕಡಿಮೆ ಬರುತ್ತದೆ ನಿಜ, ಆದರೆ ಬಂದ ಕರೆಯಲ್ಲಿ ಮಾತು ಮುಂದಕ್ಕೆ ಹೋಗುತ್ತದೆ. ರೇಟು ಕೇಳಿ ಫೋನ್ ಇಡುವವರು ಮೊದಲೇ ಜಾರಿಹೋಗಿರುತ್ತಾರೆ.

ನೋಬ್ರೋಕರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ನಮಗಾಗಿ ಮಾಡಿದ್ದಲ್ಲ, ಹೆಸರಲ್ಲೇ ಇದೆ. ಬೆಂಗಳೂರಿನದೇ ಕಂಪನಿ, 2021ರಲ್ಲಿ ಯೂನಿಕಾರ್ನ್ ಆಯಿತು, ಅಂದರೆ ನೂರು ಕೋಟಿ ಡಾಲರ್ ಬೆಲೆಯ ಕಂಪನಿ. ಓನರ್ ಅಂತ ಸುಳ್ಳು ಹೇಳಿ ಇಂಥ ಕಡೆ ಲಿಸ್ಟಿಂಗ್ ಹಾಕುವ ಏಜೆಂಟರಿದ್ದಾರೆ. ದಯವಿಟ್ಟು ಮಾಡಬೇಡಿ. ಬ್ರೋಕರ್ ಬೇಡ ಅಂತಲೇ ಅಲ್ಲಿಗೆ ಹೋದ ಮನುಷ್ಯನಿಗೆ ಮೊದಲ ಕರೆಯಲ್ಲೇ ಸುಳ್ಳು ಹೇಳಿ ಆಮೇಲೆ ಕಮಿಷನ್ ಕೇಳುವುದು ಮೋಸ. ಜನ ನಮ್ಮಿಂದ ಯಾಕೆ ದೂರ ಓಡುತ್ತಾರೆ ಅಂತ ನಾವು ಯೋಚಿಸಬೇಕು. ಸೈಟು ತೋರಿಸುವ ಮೊದಲೇ ದುಡ್ಡು ಕೇಳುವುದು, ಓನರ್ ಹೇಳಿದ ರೇಟಿನ ಮೇಲೆ ತಮ್ಮದೊಂದಿಷ್ಟು ಸೇರಿಸುವುದು, ಖಾತಾದಲ್ಲಿ ತೊಂದರೆ ಇದ್ದರೂ ಬಾಯಿಬಿಡದೆ ಟೋಕನ್ ಅಡ್ವಾನ್ಸ್ ಕೊಡಿಸಿಬಿಡುವುದು. ಇವೆಲ್ಲ ನಿಲ್ಲದೆ ಯಾವ ಆನ್‌ಲೈನ್ ಸೇವೆಯೂ ನಮ್ಮನ್ನು ಕಾಪಾಡುವುದಿಲ್ಲ.

ಈಗ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಜಾಸ್ತಿ ದುಡ್ಡು ಸುರಿಯುವುದು ನಮ್ಮವರು ಇಲ್ಲೇ.

ಪೋಸ್ಟ್ ಕೆಳಗೆ ಬೂಸ್ಟ್ ಅಂತ ಒಂದು ಬಟನ್ ಇರುತ್ತದೆ. ಅದನ್ನು ಒತ್ತಿದರೆ ಲೈಕ್ ಬರುತ್ತದೆ, ಸುಮ್ನೆ ಖುಷಿ ಆಗುತ್ತದೆ, ಅಷ್ಟೇ. ಲೀಡ್ ಬೇಕಾದರೆ ಆ್ಯಡ್ಸ್ ಮ್ಯಾನೇಜರ್ ಅನ್ನುವ ಫೇಸ್‌ಬುಕ್‌ನ ಜಾಹೀರಾತು ಪುಟಕ್ಕೆ ಹೋಗಿ ಲೀಡ್ಸ್ ಅನ್ನುವ ಉದ್ದೇಶ ಆರಿಸಿ, ಇನ್‌ಸ್ಟಂಟ್ ಫಾರ್ಮ್ ಮಾಡಬೇಕು. ನೋಡುವವರು ಫೇಸ್‌ಬುಕ್‌ನಿಂದ ಆಚೆ ಬರದೆಯೇ ಆ ಫಾರ್ಮ್ ತುಂಬಬಹುದು. ಹೆಸರು, ಫೋನ್ ನಂಬರ್ ಅವರ ಪ್ರೊಫೈಲ್‌ನಿಂದ ತಾನಾಗಿಯೇ ಬಂದು ಕೂತಿರುತ್ತದೆ. ಇದೇ ಅದರ ಬಲ, ಇದೇ ಅದರ ದೊಡ್ಡ ದೋಷ ಕೂಡ. ಬಸ್ಸಿನಲ್ಲಿ ಕೂತು ಬೆರಳಾಡಿಸುತ್ತಿದ್ದವರು ಎರಡು ಸಲ ಒತ್ತಿದರೆ ಮುಗಿಯಿತು, ನಿಮಗೆ ಲೀಡ್ ಬಂತು. ಸಂಜೆ ಫೋನ್ ಮಾಡಿದರೆ "ಯಾವ ಸೈಟು? ನಾನು ಯಾವ ಫಾರ್ಮ್ ತುಂಬಿದೆ?" ಅಂತಾರೆ. ಅವರು ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ನೆನಪಿರುವುದಿಲ್ಲ. ಎಷ್ಟೋ ವರ್ಷದ ಹಿಂದೆ ಪ್ರೊಫೈಲ್‌ಗೆ ಹಾಕಿದ ಹಳೇ ನಂಬರ್ ಬರುವುದೂ ಉಂಟು.

ಇದಕ್ಕೆ ದಾರಿ ಫಾರ್ಮ್ ಒಳಗೇ ಇದೆ. ಫಾರ್ಮ್ ಮಾಡುವಾಗ ಮುಖ್ಯವಾಗಿ ಎರಡು ಬಗೆ ತೋರಿಸುತ್ತದೆ. ಒಂದು ಜಾಸ್ತಿ ಸಂಖ್ಯೆಯ ಲೀಡ್ ತರುವುದಕ್ಕೆ, ಇನ್ನೊಂದು ನಿಜವಾದ ಆಸಕ್ತಿ ಇರುವವರನ್ನು ಸೋಸುವುದಕ್ಕೆ. ಎರಡನೆಯದನ್ನೇ ಆರಿಸಿ. ಅದರಲ್ಲಿ ಕಳಿಸುವ ಮುಂಚೆ ತುಂಬಿದ್ದನ್ನು ಇನ್ನೊಮ್ಮೆ ನೋಡಿ ಒಪ್ಪಬೇಕಾಗುತ್ತದೆ. ಜೊತೆಗೆ ನಿಮ್ಮದೇ ಪ್ರಶ್ನೆ ಸೇರಿಸಿ. ನಾನು ಕೇಳುವುದು ಇವು: ಸ್ವಂತ ವಾಸಕ್ಕೋ ಹೂಡಿಕೆಗೋ? ಬಜೆಟ್ ಎಷ್ಟರೊಳಗೆ? ಬ್ಯಾಂಕ್ ಲೋನ್ ಬೇಕಾ? ಯಾವ ಭಾನುವಾರ ಬಂದು ನೋಡಬಹುದು? ಕೊನೆಯ ಪ್ರಶ್ನೆಗೆ ಕೈಯಿಂದ ಟೈಪ್ ಮಾಡಿ ಉತ್ತರ ಬರೆಯುವ ಹಾಗೆ ಇಡಿ. ಅಷ್ಟು ಕಷ್ಟಪಟ್ಟು ಬರೆದವರು ಫೋನ್ ತೆಗೆಯುತ್ತಾರೆ, ಸೈಟ್ ವಿಸಿಟ್‌ಗೂ ಬರುತ್ತಾರೆ. ಲೋನ್ ಪ್ರಶ್ನೆ ಇನ್ನೊಂದು ಕಾರಣಕ್ಕೆ ಮುಖ್ಯ. ಲೋನ್ ಬೇಕು ಅಂದವರಿಗೆ ಕಾಗದ ಅರೆಬರೆ ಇರುವ ಸೈಟು ತೋರಿಸಿ ಪ್ರಯೋಜನ ಇಲ್ಲ, ಬ್ಯಾಂಕಿನ ವಕೀಲರ ಮೇಜಿನ ಮೇಲೇ ಅದು ನಿಂತುಹೋಗುತ್ತದೆ. ಮೊದಲೇ ಕೇಳಿಕೊಂಡರೆ ಇಬ್ಬರ ಸಮಯವೂ ಉಳಿಯುತ್ತದೆ.

ಲೀಡ್‌ಗಳನ್ನು ಅವತ್ತವತ್ತೇ ಇಳಿಸಿಕೊಳ್ಳಿ. 90 ದಿನ ಆದಮೇಲೆ ಅಲ್ಲಿಂದ ಇಳಿಸಿಕೊಳ್ಳಲು ಆಗುವುದಿಲ್ಲ. ಫಾರ್ಮ್‌ಗೆ ಪ್ರೈವೆಸಿ ಪಾಲಿಸಿ ಲಿಂಕ್ ಕಡ್ಡಾಯ, ಹಾಗಾಗಿ ಸಣ್ಣದಾದರೂ ಸ್ವಂತ ವೆಬ್ ಪುಟ ಒಂದು ಇರಲಿ. ಜಾಹೀರಾತಿನ ದುಡ್ಡಿನ ಮೇಲೆ 18% ಜಿಎಸ್‌ಟಿ ಬೀಳುತ್ತದೆ, ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ. ಊರು ಆರಿಸುವಾಗ ಬರೀ ಮೈಸೂರು ಹಾಕಿ ಬಿಡಬೇಡಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ನನಗೆ ಕೆಂಗೇರಿ, ರಾಜರಾಜೇಶ್ವರಿನಗರ ಕಡೆಯಿಂದ ಬರುವ ಕರೆ ಜಾಸ್ತಿ ಆಗಿದೆ. ಅವರಿಗೆ ಬೆಳಿಗ್ಗೆ ತಿಂಡಿ ತಿಂದು ಹೊರಟು ಸೈಟು ನೋಡಿ ಸಂಜೆಗೆ ಮನೆ ಸೇರುವುದು ಸುಲಭ ಆಗಿದೆ. ಅವರಿಗೇ ಬೇರೆ ಜಾಹೀರಾತು ಮಾಡಿ, ಶನಿವಾರ ಭಾನುವಾರ ತೋರಿಸುತ್ತೇವೆ ಅಂತ ಅದರಲ್ಲೇ ಬರೆಯಿರಿ.

ಆಷಾಢದಲ್ಲಿ ಜಾಹೀರಾತು ನಿಲ್ಲಿಸಿಬಿಡುವವರು ಬಹಳ ಜನ. ನಾನು ಕಡಿಮೆ ಮಾಡುತ್ತೇನೆ, ನಿಲ್ಲಿಸುವುದಿಲ್ಲ. ಆಷಾಢದಲ್ಲಿ ಯಾರೂ ಅಡ್ವಾನ್ಸ್ ಕೊಡುವುದಿಲ್ಲ, ಆದರೆ ಮನೆಯಲ್ಲಿ ಕೂತು ಫೋನಿನಲ್ಲಿ ಹುಡುಕುವುದನ್ನು ನಿಲ್ಲಿಸುವುದಿಲ್ಲ ಅಲ್ವಾ? ಆಗ ಮಾತಾಡಿಸಿಟ್ಟುಕೊಂಡವರು ಶ್ರಾವಣ ಬಂದಕೂಡಲೇ ತಾವೇ ಫೋನ್ ಮಾಡುತ್ತಾರೆ.

ಇನ್ನೊಂದು ಧಂದೆ ಇದೆ, ಅದರಿಂದ ದೂರ ಇರಿ. "ಮೈಸೂರಿನ ಶ್ರೀಮಂತರ ಡೇಟಾ", "ಐಟಿ ಎಂಪ್ಲಾಯೀಸ್ ಡೇಟಾ" ಅಂತ ಎಕ್ಸೆಲ್ ಹಾಳೆಗಳಲ್ಲಿ ಸಾವಿರಗಟ್ಟಲೆ ಫೋನ್ ನಂಬರ್ ಮಾರುತ್ತಾರೆ. ವಾಟ್ಸಾಪಿನಲ್ಲೇ ಮಾರಲು ಬರುತ್ತಾರೆ. ಆ ಹಾಳೆಯಲ್ಲಿರುವ ಒಬ್ಬರೂ ನಿಮಗೆ ಫೋನ್ ಮಾಡಿ ಅಂತ ಹೇಳಿಲ್ಲ. ಟ್ರಾಯ್‌ನ (ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ) 2018ರ ನಿಯಮದ ಪ್ರಕಾರ ಮಾರಾಟದ ಕರೆ ಮಾಡುವವರು ನೋಂದಣಿ ಮಾಡಿಸಿಕೊಂಡಿರಬೇಕು, ಅಂಥ ಕರೆಗಳಿಗೆ 140ರಿಂದ ಶುರುವಾಗುವ ನಂಬರ್‌ಗಳೇ ಬೇರೆ ಇವೆ. ನಿಮ್ಮ ಮಾಮೂಲಿ ಮೊಬೈಲಿನಿಂದ ಗೊತ್ತಿಲ್ಲದವರಿಗೆಲ್ಲ ಕರೆ ಮಾಡಿದರೆ ಅವರು 1909ಕ್ಕೆ ದೂರು ಕೊಡಬಹುದು, ದೂರು ಜಾಸ್ತಿಯಾದರೆ ನಿಮ್ಮ ನಂಬರೇ ಕಟ್ ಆಗಬಹುದು. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ಕಾನೂನೂ ಬಂದಿದೆ, ಜನರ ಒಪ್ಪಿಗೆ ಅನ್ನುವುದೇ ಅದರ ಬುನಾದಿ. ಕಾನೂನು ಬದಿಗಿಡಿ. ನೀವು ವರ್ಷಗಟ್ಟಲೆ ಇಟ್ಟುಕೊಂಡು ಬಂದ ನಂಬರ್ ಅದು, ಹಳೇ ಪಾರ್ಟಿಗಳ ಫೋನಿನಲ್ಲೆಲ್ಲ ಸೇವ್ ಆಗಿದೆ. ಟ್ರೂಕಾಲರ್‌ನಲ್ಲಿ ಅದರ ಮೇಲೆ ಕೆಂಪಗೆ ಸ್ಪ್ಯಾಮ್ ಅಂತ ಬಿದ್ದರೆ ಆ ನಷ್ಟ ತುಂಬಿಕೊಡುವವರು ಯಾರು?

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಅಂಕ ಸಿಗಬೇಕಾದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ. ಒಂದು ಪೈಸೆ ಖರ್ಚಿಲ್ಲ. ಮೊದಲು ಇದನ್ನೇ ಗೂಗಲ್ ಮೈ ಬಿಸಿನೆಸ್ ಅನ್ನುತ್ತಿದ್ದರು, 2021ರಲ್ಲಿ ಹೆಸರು ಬದಲಾಯಿತು. "ಬೋಗಾದಿ ರಿಯಲ್ ಎಸ್ಟೇಟ್ ಏಜೆಂಟ್" ಅಂತ ಯಾರಾದರೂ ಗೂಗಲ್‌ನಲ್ಲೋ ಮ್ಯಾಪ್‌ನಲ್ಲೋ ಹುಡುಕಿದರೆ ಬರುವ ಪಟ್ಟಿಯಲ್ಲಿ ನೀವು ಇರುತ್ತೀರಿ. ಇಲ್ಲಿ ಬರುವ ಕರೆಗೂ ಫೇಸ್‌ಬುಕ್ ಲೀಡ್‌ಗೂ ಇರುವ ವ್ಯತ್ಯಾಸ ಏನು ಗೊತ್ತಾ? ಫೇಸ್‌ಬುಕ್‌ನಲ್ಲಿ ನೀವು ಹೋಗಿ ಅವರ ಮುಂದೆ ನಿಂತಿದ್ದೀರಿ. ಗೂಗಲ್‌ನಲ್ಲಿ ಅವರೇ ಹುಡುಕಿಕೊಂಡು ಬಂದಿದ್ದಾರೆ, ಅವರೇ ಕರೆ ಮಾಡಿದ್ದಾರೆ.

ಆಫೀಸ್ ಇಲ್ಲದಿದ್ದರೂ ಪ್ರೊಫೈಲ್ ಮಾಡಬಹುದು, ಮನೆ ವಿಳಾಸ ಮರೆಮಾಡಿ ನೀವು ಓಡಾಡುವ ಏರಿಯಾಗಳನ್ನು ಮಾತ್ರ ತೋರಿಸಬಹುದು. ನೀವು ನಿಜವಾಗಿಯೂ ಇದ್ದೀರಿ ಅಂತ ಖಚಿತ ಮಾಡಿಕೊಳ್ಳಲು ಗೂಗಲ್ ವಿಡಿಯೋ ಕೇಳುವುದುಂಟು. ಹೆಸರಿನ ಜಾಗದಲ್ಲಿ ನಿಮ್ಮ ವ್ಯವಹಾರದ ಹೆಸರಷ್ಟೇ ಹಾಕಿ. "ಬೆಸ್ಟ್ ಸೈಟ್ ಬ್ರೋಕರ್ ಮೈಸೂರು ಲೋ ಪ್ರೈಸ್" ಅಂತೆಲ್ಲ ತುಂಬಿದರೆ ಪ್ರೊಫೈಲ್ ಸಸ್ಪೆಂಡ್ ಆಗಬಹುದು, ಅದನ್ನು ವಾಪಸ್ ತರುವಷ್ಟರಲ್ಲಿ ಸಾಕುಬೇಕಾಗುತ್ತದೆ. ಜನ ಏನಂತ ಟೈಪ್ ಮಾಡಿ ನಿಮ್ಮನ್ನು ಕಂಡುಕೊಂಡರು ಅನ್ನುವುದನ್ನೂ ಪ್ರೊಫೈಲ್ ಒಳಗೆ ತೋರಿಸುತ್ತದೆ. ಇದು ಬಂಗಾರದಂಥ ಮಾಹಿತಿ. ನನ್ನ ಪ್ರೊಫೈಲ್‌ನಲ್ಲಿ ಏರಿಯಾದ ಹೆಸರು ಸೇರಿಸಿ ಹುಡುಕಿದವರೇ ಜಾಸ್ತಿ, ಬರೀ ಮೈಸೂರು ಅಂತ ಹುಡುಕಿದವರು ಕಡಿಮೆ. ಅಂದಮೇಲೆ ಊರಿಗೆಲ್ಲ ಏಜೆಂಟ್ ಅಂತ ಹೇಳಿಕೊಳ್ಳುವುದಕ್ಕಿಂತ ನಾಲ್ಕು ಬಡಾವಣೆಗೆ ಗೊತ್ತಿರುವ ಏಜೆಂಟ್ ಆಗುವುದು ಮೇಲು.

ಇಲ್ಲಿ ಜೀವಾಳ ಅಂದರೆ ರಿವ್ಯೂ. ನೋಂದಣಿ ಮುಗಿದು ಪಾರ್ಟಿ ಖುಷಿಯಾಗಿ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಆಚೆ ಬರುತ್ತಾರಲ್ಲ, ಆಗಲೇ ಕೇಳಿ. "ಮೇಡಂ, ನಿಮಗೆ ಅನ್ನಿಸಿದ್ದನ್ನು ಎರಡು ಸಾಲು ಬರೆಯಿರಿ, ಕನ್ನಡದಲ್ಲೇ ಬರೆದರೂ ಆಯ್ತು" ಅಂದರೆ ಬೇಡ ಅನ್ನುವವರು ಕಡಿಮೆ. ದುಡ್ಡು ಕೊಟ್ಟು, ಉಡುಗೊರೆ ಕೊಟ್ಟು ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಓದುವವರಿಗೂ ಅದು ಗೊತ್ತಾಗುತ್ತದೆ, ಒಂದೇ ದಿನ ಬಂದ ಇಪ್ಪತ್ತು "ಐದು ಸ್ಟಾರ್" ರಿವ್ಯೂಗಳನ್ನು ಯಾರು ನಂಬುತ್ತಾರೆ? ನನಗೆ ಕರೆ ಮಾಡಿದ ಒಬ್ಬ ಹಿರಿಯರು ಹೇಳಿದ್ದು ನೆನಪಿದೆ. ಯಾರೋ ಒಬ್ಬರು ನನ್ನ ಪ್ರೊಫೈಲ್‌ನಲ್ಲಿ "ಒಂದು ಸೈಟಿನ ಇಸಿಯಲ್ಲಿ ಸಾಲ ಇದೆ, ಇದು ಬೇಡ ಸರ್ ಅಂತ ಅವರೇ ಹೇಳಿದರು" ಅಂತ ಬರೆದಿದ್ದರು. ಇಸಿ ಅಂದರೆ ಆಸ್ತಿಯ ಮೇಲೆ ಸಾಲ, ಹಳೇ ವ್ಯವಹಾರ ಏನಿದೆ ಅಂತ ತೋರಿಸುವ ಪತ್ರ. ಆ ಹಿರಿಯರು ಅದೊಂದನ್ನೇ ಓದಿ ಫೋನ್ ಮಾಡಿದ್ದರು. ಮಾರಾಟ ಆದ ಸೈಟಿನ ಹೊಗಳಿಕೆಗಿಂತ ಬೇಡ ಅಂದ ಸೈಟಿನ ಮಾತು ಅವರಿಗೆ ನಂಬಿಕೆ ತಂದಿತ್ತು.

ವಾಟ್ಸಾಪ್ ಬಿಸಿನೆಸ್ ಎಲ್ಲರ ಹತ್ತಿರವೂ ಇದೆ, ಆದರೆ ಬಳಸುವುದು ಬರೀ ಫಾರ್ವರ್ಡ್ ಮಾಡಲಿಕ್ಕೆ. ಅದರಲ್ಲಿ ಕ್ಯಾಟಲಾಗ್ ಇದೆ, ಒಂದೊಂದು ಸೈಟಿಗೂ ಫೋಟೋ, ರೇಟು, ವಿವರ ಹಾಕಿ ಲಿಂಕ್ ಕಳಿಸಬಹುದು. ಬಣ್ಣಬಣ್ಣದ ಲೇಬಲ್ ಇವೆ. ನಾನು ಸೈಟು ನೋಡಿದವರು, ಕಾಗದ ಕೇಳಿದವರು, ಮನೆಯವರ ಜೊತೆ ಮಾತಾಡಿ ಹೇಳ್ತೀವಿ ಅಂದವರು ಅಂತ ಬೇರೆಬೇರೆ ಮಾಡಿಟ್ಟುಕೊಂಡಿದ್ದೇನೆ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಇದು ಒಳ್ಳೆಯದೇ. ಸೇವ್ ಮಾಡಿಕೊಂಡಿದ್ದಾರೆ ಅಂದರೆ ನಿಮ್ಮಿಂದ ಕೇಳಲು ಅವರಿಗೆ ಇಷ್ಟ ಇದೆ ಅಂತ ತಾನೇ? ದಿನಾ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಕಳಿಸಿ ಆ ಇಷ್ಟವನ್ನು ಹಾಳು ಮಾಡಿಕೊಳ್ಳಬೇಡಿ. ಜನ ಬ್ಲಾಕ್ ಮಾಡಿ ರಿಪೋರ್ಟ್ ಕೊಟ್ಟರೆ ವಾಟ್ಸಾಪ್ ನಂಬರನ್ನೇ ಬ್ಯಾನ್ ಮಾಡುತ್ತದೆ.

ಏಜೆಂಟರ ಗ್ರೂಪುಗಳು ಬೇರೆ ಇವೆ. ಒಂದೇ ಸೈಟಿನ ಫೋಟೋ ಹತ್ತು ಕೈ ದಾಟಿ ಬರುತ್ತದೆ, ಕೈಯಿಂದ ಕೈಗೆ ರೇಟು ಬೆಳೆಯುತ್ತದೆ, ಕೊನೆಗೆ ಓನರ್‌ಗೇ ಅವರ ಸೈಟು ಮಾರಲು ಯಾರೋ ಫೋನ್ ಮಾಡಿರುತ್ತಾರೆ. ಗ್ರೂಪಿನಲ್ಲಿ ಬಂದದ್ದನ್ನು ಓನರ್ ಜೊತೆ ನೇರ ಮಾತಾಡದೆ ನಿಮ್ಮ ಹೆಸರಿನಲ್ಲಿ ಆನ್‌ಲೈನಲ್ಲಿ ಹಾಕಬೇಡಿ.

ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಬಾಡಿಗೆ ಮನೆಗೆ ಪರವಾಗಿಲ್ಲ. ಸೈಟು ಮಾರಾಟಕ್ಕೆ ನನಗೆ ಅಲ್ಲಿಂದ ಹೇಳಿಕೊಳ್ಳುವಂಥದ್ದು ಬಂದಿಲ್ಲ.

ಯೂಟ್ಯೂಬ್ ಬಗ್ಗೆ ಎಷ್ಟು ಬರೆದರೂ ಸಾಲದು. ಅದು ನಿಧಾನ, ಹಾಕಿದ ವಾರದಲ್ಲೇ ಪಾರ್ಟಿ ಬರುತ್ತಾರೆ ಅಂತ ಕಾದರೆ ನಿರಾಸೆ ಆಗುತ್ತದೆ. ಆದರೆ ಜಾಹೀರಾತು, ದುಡ್ಡು ಹಾಕುವುದನ್ನು ನಿಲ್ಲಿಸಿದ ದಿನವೇ ನಿಲ್ಲುತ್ತದೆ, ವಿಡಿಯೋ ಹಾಗಲ್ಲ, ಹಳೆಯ ವಿಡಿಯೋ ನೋಡಿ ಇವತ್ತೂ ಫೋನ್ ಮಾಡುವವರಿದ್ದಾರೆ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮೈಸೂರಿನವರು, ಅಪ್ಪ ಅಮ್ಮನಿಗೆ ಅಂತ ಒಂದು ಮನೆ ನೋಡುತ್ತಿರುವವರು, ಕನ್ನಡದಲ್ಲಿ ಸಮಾಧಾನವಾಗಿ ವಿವರಿಸುವ ವಿಡಿಯೋ ಸಿಕ್ಕರೆ ಕೊನೆವರೆಗೂ ನೋಡುತ್ತಾರೆ. ಅಮೆರಿಕದಲ್ಲಿ ರಾತ್ರಿ ಆಗಿರುವಾಗ ನಮಗೆ ಬೆಳಿಗ್ಗೆ, ಹಾಗಾಗಿ ಬೆಳಿಗ್ಗೆ ಏಳೂವರೆಗೆ ಬರುವ ವಾಟ್ಸಾಪ್ ಕರೆಯನ್ನು ತಪ್ಪಿಸಬೇಡಿ.

ಹಿನ್ನೆಲೆ ಸಂಗೀತ, ಡ್ರೋನ್ ಶಾಟ್ ಏನೂ ಬೇಡ. ಸೈಟಿನ ನಾಲ್ಕು ಮೂಲೆ ನಡೆದು ತೋರಿಸಿ. ಎದುರಿನ ರಸ್ತೆಗೆ ಟೇಪ್ ಹಿಡಿದು ಅಗಲ ಅಳೆದು ತೋರಿಸಿ. ಚರಂಡಿ ಇದೆಯಾ, ಕಾವೇರಿಯೋ ಕಬಿನಿಯೋ ನೀರಿನ ಲೈನ್ ಬಂದಿದೆಯಾ ಅಥವಾ ಬೋರ್‌ವೆಲ್ ಒಂದೇನಾ, ಕರೆಂಟ್ ಕಂಬ ಎಲ್ಲಿದೆ, ಪಕ್ಕದಲ್ಲಿ ಮನೆ ಎದ್ದಿದೆಯಾ ಇನ್ನೂ ಖಾಲಿನಾ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ. ರಿಂಗ್ ರೋಡಿನಿಂದ ಎಷ್ಟು ದೂರ ಅಂತ ಬಾಯಲ್ಲಿ ಹೇಳುವುದಕ್ಕಿಂತ ಗಾಡಿಯ ಮೀಟರ್ ತೋರಿಸಿ. ಕಸ ಬಿದ್ದಿದ್ದರೆ ಅದನ್ನೂ ತೋರಿಸಿ, ಬಂದಮೇಲೆ ಅವರು ಹೇಗೂ ನೋಡುತ್ತಾರೆ.

ಸೈಟು ತೋರಿಸುವ ವಿಡಿಯೋಗಿಂತ ಪಾರ್ಟಿಗಳನ್ನು ಜಾಸ್ತಿ ತಂದದ್ದು ಕಾಗದಪತ್ರ ವಿವರಿಸಿದ ವಿಡಿಯೋಗಳು. ಜನರಿಗೆ ನಿಜಕ್ಕೂ ಭಯ ಇರುವುದು ಅಲ್ಲೇ. ಇ-ಖಾತಾ ಕಡ್ಡಾಯ ಆದಮೇಲಂತೂ ಅದರ ಬಗ್ಗೆ ಪ್ರಶ್ನೆಗಳೇ ಪ್ರಶ್ನೆ. ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲಿ ಇಸಿ ಹೇಗೆ ತೆಗೆಯುವುದು, ಅದನ್ನು ಓದುವುದು ಹೇಗೆ, ಪಂಚಾಯ್ತಿ ಸೈಟಿಗೆ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11 ಯಾಕೆ ಬೇಕು, ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡುವುದು ಹೇಗೆ, ಕನ್ವರ್ಷನ್ ಆಗದ (ಕೃಷಿಯಿಂದ ಬೇರೆ ಬಳಕೆಗೆ ಬದಲಾಗದ) ಜಮೀನಿನಲ್ಲಿ ಸೈಟು ಕೊಂಡರೆ ಮುಂದೆ ಏನೇನು ಆಗುತ್ತದೆ, 50 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಬೆಲೆಯ ಆಸ್ತಿ ಕೊಳ್ಳುವವರು 1% ಟಿಡಿಎಸ್ (ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಹಿಡಿಯುವ ತೆರಿಗೆ) ಹಿಡಿಯಬೇಕು ಅನ್ನುವುದು. ಇವನ್ನು ಹೇಳಿಕೊಟ್ಟರೆ ಪಾರ್ಟಿ ನಮ್ಮನ್ನು ಬಿಟ್ಟು ತಾವೇ ಮಾಡಿಕೊಳ್ಳುತ್ತಾರೆ ಅಂತ ಕೆಲವರು ಹೆದರುತ್ತಾರೆ. ನಾನು ಕಂಡಿದ್ದು ಅದಕ್ಕೆ ಉಲ್ಟಾ. ಹೇಳಿಕೊಟ್ಟವರ ಹತ್ತಿರವೇ ಬರುತ್ತಾರೆ, ಬರುವಾಗ ಅರ್ಧ ನಂಬಿಕೆ ಹೊತ್ತುಕೊಂಡೇ ಬರುತ್ತಾರೆ. ಒಂದು ಎಚ್ಚರಿಕೆ: ದಾಖಲೆಯನ್ನು ವಿಡಿಯೋದಲ್ಲಿ ತೋರಿಸುವಾಗ ಓನರ್ ಹೆಸರು, ಫೋಟೋ, ಆಧಾರ್ ನಂಬರ್ ಮುಚ್ಚಿ. ಅವರನ್ನು ಕೇಳದೆ ತೋರಿಸಲೇಬೇಡಿ.

ಬಿಲ್ಡರ್ ಪ್ರಾಜೆಕ್ಟ್‌ಗಳನ್ನು ಆನ್‌ಲೈನಲ್ಲಿ ಮಾರುವವರು ರೇರಾ ಮರೆಯಬೇಡಿ. ಬಿಲ್ಡರ್, ಏಜೆಂಟರ ಮೇಲೆ ನಿಯಂತ್ರಣ ಇಟ್ಟು ಕೊಳ್ಳುವವರನ್ನು ಕಾಪಾಡುವ 2016ರ ಕಾಯ್ದೆ ಇದು. 500 ಚದರ ಮೀಟರ್‌ಗಿಂತ ದೊಡ್ಡ ಜಾಗ ಅಥವಾ 8ಕ್ಕಿಂತ ಜಾಸ್ತಿ ಫ್ಲಾಟ್ ಇರುವ ಹೊಸ ಪ್ರಾಜೆಕ್ಟ್ ನೋಂದಣಿ ಆಗದೆ ಜಾಹೀರಾತು ಕೊಡುವ ಹಾಗಿಲ್ಲ. "ಪ್ರೀ ಲಾಂಚ್ ಆಫರ್, ರೇರಾ ಬರುವ ಮುಂಚೆ ಬುಕ್ ಮಾಡಿ" ಅನ್ನುವ ಪೋಸ್ಟರ್ ವಾಟ್ಸಾಪಿನಲ್ಲಿ ಓಡಾಡುತ್ತಲೇ ಇರುತ್ತದೆ, ಅದಕ್ಕೆ ನಿಮ್ಮ ನಂಬರ್ ಹಾಕಿ ಹಂಚಬೇಡಿ. ನೋಂದಣಿ ಆದ ಪ್ರಾಜೆಕ್ಟ್ ಮಾರಲು ಏಜೆಂಟರಿಗೂ ರೇರಾ ನೋಂದಣಿ ಬೇಕು. ಇಲ್ಲದೆ ಮಾರಿದರೆ ದಿನಕ್ಕೆ 10,000 ರೂಪಾಯಿ ದಂಡ, ಅದು ಆ ಆಸ್ತಿಯ ಬೆಲೆಯ 5%ವರೆಗೂ ಹೋಗಬಹುದು. ನೋಂದಣಿ ಇದ್ದವರು ಆ ನಂಬರನ್ನು ಗೂಗಲ್ ಪ್ರೊಫೈಲ್, ವಿಡಿಯೋ ಕೆಳಗೆ, ವಾಟ್ಸಾಪ್ ವಿವರದಲ್ಲಿ ಎಲ್ಲ ಕಡೆ ಹಾಕಿ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಅದನ್ನು ಹಾಕಿ ನೋಡಬಹುದು, ಬೆಂಗಳೂರಿನ ಪಾರ್ಟಿಗಳು ನೋಡಿಯೇ ನೋಡುತ್ತಾರೆ.

ಖರ್ಚಿನ ಮಾತಿಗೆ ಬಂದರೆ, ಕೈಯಲ್ಲಿ ದುಡ್ಡು ಕಡಿಮೆ ಇರುವವರು ಮೊದಲು ಗೂಗಲ್ ಪ್ರೊಫೈಲ್, ವಾಟ್ಸಾಪ್ ಕ್ಯಾಟಲಾಗ್, ಫೋನಿನಲ್ಲೇ ತೆಗೆದ ವಿಡಿಯೋ ಇವುಗಳಿಂದ ಶುರು ಮಾಡಿ. ಆಮೇಲೆ ಒಂದು ಒಳ್ಳೆ ಸೈಟು, ಕಾಗದ ಪೂರ್ತಿ ಇರುವುದು, ಕೈಗೆ ಬಂದಾಗ ಅದೊಂದಕ್ಕೇ ಫೇಸ್‌ಬುಕ್ ಜಾಹೀರಾತು ಕೊಡಿ. ಪೋರ್ಟಲ್ ಪ್ಯಾಕೇಜ್ ಕೊನೆಗೆ, ಅದೂ ಚಿಕ್ಕ ಅವಧಿಯದು.

ಈಗ ಹೊಸದಾಗಿ ಇನ್ನೊಂದು ಬಂದಿದೆ, ಲೀಡ್ ಬಂದ ಕೂಡಲೇ ಕಂಪ್ಯೂಟರ್ ದನಿಯಲ್ಲಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಿ ಸೈಟ್ ವಿಸಿಟ್ ದಿನ ಗೊತ್ತು ಮಾಡಿಕೊಡುತ್ತೇವೆ ಅನ್ನುವ ಎಐ ಸೇವೆ. ಮಾರಲು ಬಂದವರು ತೋರಿಸಿದ ಮಾದರಿ ಕರೆ ಕೇಳಿದೆ, ಮಾತು ಚೆನ್ನಾಗಿಯೇ ಇತ್ತು. ಆದರೂ ನಾನು ತಗೊಂಡಿಲ್ಲ. ಜೀವಮಾನದ ಉಳಿತಾಯ ಹಾಕಿ ಸೈಟು ಕೊಳ್ಳುವವರಿಗೆ ಮೊದಲ ಮಾತು ಮನುಷ್ಯನಿಂದಲೇ ಬರಬೇಕು ಅಂತ ನನಗನ್ನಿಸುತ್ತದೆ. ಮೈಸೂರು, ಮಂಡ್ಯ, ಹಾಸನ ಕಡೆ ಯಾರಾದರೂ ಅದನ್ನು ಬಳಸುತ್ತಿದ್ದರೆ ಕೆಳಗೆ ಬರೆಯಿರಿ. ಎಷ್ಟು ಲೀಡ್ ಬಂತು ಅನ್ನುವುದು ಬೇಡ, ಆ ಕರೆ ಕೇಳಿದ ಪಾರ್ಟಿ ಏನಂದರು ಅನ್ನುವುದನ್ನು ಬರೆಯಿರಿ.